ಮೈಗೆ ಗೊತ್ತಿದ್ದದ್ದು ಬಾಯಿಗೆ ಬರುವ ತನಕ: ರಗ್ಬಿ ಲೀಗ್ ಆಟಗಾರ ಕೋಚ್ ಆಗುವ ದಾರಿ

ಚೆನ್ನಾಗಿ ಆಡಿದವನು ಚೆನ್ನಾಗಿ ಆಡಿಸುತ್ತಾನೆ ಅನ್ನುವ ನಂಬಿಕೆ ಎಲ್ಲ ಆಟಗಳಲ್ಲೂ ಇದೆ. ರಗ್ಬಿ ಲೀಗ್‌ನಲ್ಲಿ ಅದನ್ನು ನಂಬಿ ಕೈ ಸುಟ್ಟುಕೊಂಡ ಕ್ಲಬ್ಬುಗಳಿಗೆ ಲೆಕ್ಕವಿಲ್ಲ. ಆಡುವುದು ಒಂದು ಕಸುಬು, ಕಲಿಸುವುದು ಇನ್ನೊಂದು. ಎರಡರ ನಡುವೆ ಇನ್ನೊಬ್ಬರ ಕೈಕೆಳಗೆ ಕೆಲಸ ಕಲಿಯುವ ಒಂದು ಕಾಲವಿದೆ. ಅದನ್ನು ಹಾರಿ ದಾಟಲು ಹೋದವರೇ ಹೆಚ್ಚಾಗಿ ಎಡವುವುದು.

ಭಾರತದಲ್ಲಿ ರಗ್ಬಿ ಅಂದರೆ ಹದಿನೈದು ಜನರ ಇಲ್ಲವೇ ಏಳು ಜನರ ಯೂನಿಯನ್ ಆಟ. ಇಲ್ಲಿ ಹೇಳುತ್ತಿರುವುದು ಅದರ ದಾಯಾದಿಯ ವಿಷಯ. ಆಟಕ್ಕೆಂದು ಗಣಿ, ಗಿರಣಿಯ ಕೆಲಸ ಬಿಟ್ಟು ಬಂದವರಿಗೆ ಆ ದಿನದ ಕೂಲಿ ಕಟ್ಟಿಕೊಡಬೇಕೋ ಬೇಡವೋ ಎಂಬ ಜಗಳದಲ್ಲಿ 1895ರಲ್ಲಿ ಇಂಗ್ಲೆಂಡಿನ ಹಡರ್ಸ್‌ಫೀಲ್ಡಿನಲ್ಲಿ ಪಾಲಾಗಿ ಹೊರಬಂದ ಆಟ ರಗ್ಬಿ ಲೀಗ್. ಇಂದು ಅದರ ದೊಡ್ಡ ಮನೆ ಆಸ್ಟ್ರೇಲಿಯಾದ ಎನ್‌ಆರ್‌ಎಲ್ (ನ್ಯಾಷನಲ್ ರಗ್ಬಿ ಲೀಗ್). ಒಂದೊಂದು ಕಡೆ 13 ಜನ, ಒಟ್ಟು 80 ನಿಮಿಷ. ಚೆಂಡು ಹಿಡಿದು ಓಡುವವನನ್ನು ಎದುರಾಳಿ ಹಿಡಿದು ನಿಲ್ಲಿಸುವುದು ಟ್ಯಾಕಲ್. ಚೆಂಡು ಹಿಡಿದ ತಂಡಕ್ಕೆ ಆರು ಟ್ಯಾಕಲ್‌ಗಳ ಅವಕಾಶ, ಆರನೆಯದಕ್ಕೂ ಸಿಕ್ಕಿಬಿದ್ದರೆ ಚೆಂಡು ಎದುರಾಳಿಯ ಪಾಲು. ಎದುರಾಳಿಯ ಗೆರೆಯಾಚೆ ಚೆಂಡನ್ನು ನೆಲಕ್ಕೊತ್ತಿದರೆ ಟ್ರೈ, ಅದಕ್ಕೆ 4 ಅಂಕ, ಅದರ ಮೇಲೆ ಒದೆಯುವ ಗೋಲಿಗೆ 2.

ಮುಂದೆ ಮೆಲ್ಬರ್ನ್ ಸ್ಟಾರ್ಮ್ ಕ್ಲಬ್ಬಿನ ಹೆಸರಾಂತ ಕೋಚ್ ಆದ ಕ್ರೇಗ್ ಬೆಲ್ಲಮಿ ಅವರ ದಾರಿ ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ. ನ್ಯೂ ಸೌತ್ ವೇಲ್ಸ್‌ನ ಪೋರ್ಟ್‌ಲ್ಯಾಂಡ್ ಎಂಬ ಸಣ್ಣ ಊರಿನವರು. 1982ರಿಂದ 1992ರವರೆಗೆ ಕ್ಯಾನ್‌ಬೆರಾ ರೈಡರ್ಸ್ ಪರ ಸುಮಾರು 150 ಪಂದ್ಯ ಆಡಿದರು. ಮಾಲ್ ಮೆನಿಂಗಾ, ಲಾರಿ ಡೇಲಿ, ರಿಕಿ ಸ್ಟುವರ್ಟ್ ಅಂಥವರಿದ್ದ ತಂಡದಲ್ಲಿ ಇವರದು ಎಲ್ಲಿ ಜಾಗ ಖಾಲಿಯೋ ಅಲ್ಲಿ ನಿಲ್ಲುವ ಪಾತ್ರ. ಒಂದು ವಾರ ಸೆಂಟರ್, ಇನ್ನೊಂದು ವಾರ ಲಾಕ್. ತಾರೆಯಾಗಲಿಲ್ಲ. ಆದರೆ ನಾಲ್ಕಾರು ಜಾಗದಲ್ಲಿ ನಿಂತವನಿಗೆ ಪ್ರತಿ ಜಾಗದ ಕಷ್ಟ ಬಾಯಲ್ಲಿ ಹೇಳಲು ಬರುತ್ತದೆ. ಒಂದೇ ಜಾಗದಲ್ಲಿ ಹತ್ತು ವರ್ಷ ಮಿಂಚಿದವನಿಗೆ ಅದು ಬರುವುದು ಕಷ್ಟ.

ಆಟ ಬಿಟ್ಟ ಮೇಲೆ ಅವರು ರೈಡರ್ಸ್‌ನ ಕೆಳಹಂತದ ತಂಡಗಳನ್ನು ಕಟ್ಟಿದರು, ಆಟಗಾರರ ದೈಹಿಕ ತರಬೇತಿ ನೋಡಿಕೊಂಡರು. 1998ರಲ್ಲಿ ಬ್ರಿಸ್ಬೇನ್ ಬ್ರಾಂಕೋಸ್‌ಗೆ ಹೋಗಿ ಅದರ ಮುಖ್ಯ ಕೋಚ್ ವೇಯ್ನ್ ಬೆನೆಟ್ ಅವರ ಕೈಕೆಳಗೆ ಐದು ಋತು ಸಹಾಯಕರಾಗಿದ್ದರು. 2002ರಲ್ಲಿ ಬೆನೆಟ್ ಮತ್ತು ಕ್ಲಬ್ಬಿನ ದೊಡ್ಡ ಆಟಗಾರರು ಸ್ಟೇಟ್ ಆಫ್ ಒರಿಜಿನ್‌ಗೆ (ಕ್ವೀನ್ಸ್‌ಲ್ಯಾಂಡ್, ನ್ಯೂ ಸೌತ್ ವೇಲ್ಸ್ ರಾಜ್ಯಗಳ ನಡುವಿನ ಪಂದ್ಯಗಳು) ಹೋಗಿದ್ದಾಗ, ಉಳಿದ ಹುಡುಗರನ್ನು ಕಟ್ಟಿಕೊಂಡು ಕ್ಯಾಂಬೆಲ್‌ಟೌನ್‌ನಲ್ಲಿ ವೆಸ್ಟ್ಸ್ ಟೈಗರ್ಸ್ ತಂಡವನ್ನು 28–14ರಿಂದ ಸೋಲಿಸಿದ ಪಂದ್ಯದಲ್ಲಿ ಕೋಚ್ ಬಾಕ್ಸ್‌ನಲ್ಲಿ ಕೂತಿದ್ದವರು ಬೆಲ್ಲಮಿ. ಮರುವರ್ಷ, 2003ರಲ್ಲಿ, ಮೆಲ್ಬರ್ನ್ ಸ್ಟಾರ್ಮ್‌ನ ಮುಖ್ಯ ಕೋಚ್. ಆಟ ನಿಲ್ಲಿಸಿದ್ದಕ್ಕೂ ಈ ಹುದ್ದೆಗೂ ನಡುವೆ ಹತ್ತು ವರ್ಷ. ದಾಖಲೆಯ ಪಟ್ಟಿಯಲ್ಲಿ ಆ ಹತ್ತು ವರ್ಷಕ್ಕೆ ಒಂದು ಸಾಲೂ ಇರುವುದಿಲ್ಲ, ಕೆಲಸ ಕಲಿತದ್ದು ಮಾತ್ರ ಅಲ್ಲೇ.

ಆ ಹತ್ತು ವರ್ಷದಲ್ಲಿ ಕಲಿಯುವುದು ಏನು? ಮೊದಲನೆಯದು ಟ್ಯಾಕಲ್ ಕಲಿಸುವುದು.

ಕಬಡ್ಡಿಯಲ್ಲಿ ಹಿಡಿದು ಉಸಿರು ನಿಲ್ಲಿಸಿದರೆ ಮುಗಿಯಿತು, ಸೀಟಿ. ರಗ್ಬಿ ಲೀಗ್‌ನಲ್ಲಿ ಹಿಡಿದ ಮೇಲೆಯೇ ನಿಜವಾದ ಕೆಲಸ ಶುರು. ಬಿದ್ದವನು ಎದ್ದು ನಿಂತು, ಚೆಂಡನ್ನು ನೆಲಕ್ಕಿಟ್ಟು, ಪಾದದಿಂದ ಹಿಂದಕ್ಕೆ ಉರುಳಿಸುತ್ತಾನೆ. ಹಿಂದಿರುವ ಡಮ್ಮಿ ಹಾಫ್ ಅದನ್ನು ಎತ್ತಿ ಎಸೆಯುತ್ತಾನೆ. ಅಷ್ಟರೊಳಗೆ ರಕ್ಷಿಸುವ ಸಾಲು 10 ಮೀಟರ್ ಹಿಂದಕ್ಕೆ ಸರಿದು, ತಿರುಗಿ ನಿಂತು, ಮುಂದಕ್ಕೆ ನುಗ್ಗಲು ಸಿದ್ಧವಾಗಿರಬೇಕು. ಈ ಎದ್ದು ಉರುಳಿಸುವ ಕೆಲಸ ಸುಮಾರು 3 ಸೆಕೆಂಡಿನೊಳಗೆ ಮುಗಿದರೆ ಸಾಲು ಇನ್ನೂ ಹಿಂದಕ್ಕೆ ಓಡುತ್ತಲೇ ಇರುತ್ತದೆ, ದಾಳಿ ಮಾಡುವವರಿಗೆ ಹಬ್ಬ. 4 ಸೆಕೆಂಡಿನ ಹತ್ತಿರ ಹೋದರೆ ರಕ್ಷಣೆ ಗೆದ್ದಂತೆ. ಇಡೀ ಆಟದ ಜುಟ್ಟು ಆ ಒಂದು ಸೆಕೆಂಡಿನ ಕೈಯಲ್ಲಿದೆ.

ಹಾಗಾಗಿ ಟ್ಯಾಕಲ್ ಅನ್ನು ಮೂವರ ಕೆಲಸವಾಗಿ ಹಂಚಿ ಕಲಿಸುತ್ತಾರೆ. ಮೊದಲು ತಲುಪಿದವನು ಚೆಂಡಿರುವ ಮಟ್ಟದಲ್ಲಿ, ಎದೆಯ ಕೆಳಗೆ ಹೊಡೆದು ವೇಗ ಕೊಲ್ಲುತ್ತಾನೆ. ಎರಡನೆಯವನು ಪಕ್ಕದಿಂದ ಬಂದು ಚೆಂಡನ್ನು ಒತ್ತಿ ಹಿಡಿಯುತ್ತಾನೆ, ಎಸೆಯಲು ಬಿಡುವುದಿಲ್ಲ. ಮೂರನೆಯವನು ಸೊಂಟಕ್ಕೋ ಕಾಲಿಗೋ ಇಳಿದು ಬೀಳಿಸುತ್ತಾನೆ. ಆಮೇಲೆ ಬಿಡುವ ಸರದಿ: ಕಾಲಿನಲ್ಲಿದ್ದವನು ಮೊದಲು, ಮೇಲಿದ್ದವನು ಕೊನೆಗೆ. ಈ ಸರದಿ ತಪ್ಪಿದರೆ ರೆಫರಿಯ ಕೈ ಮೇಲೇಳುತ್ತದೆ. 2020ರಿಂದ ಎನ್‌ಆರ್‌ಎಲ್‌ನಲ್ಲಿ ಇಂಥ ಎಳೆದಾಟಕ್ಕೆ ಹೆಚ್ಚಾಗಿ ಆಟ ನಿಲ್ಲಿಸದೆ ಟ್ಯಾಕಲ್ ಎಣಿಕೆಯನ್ನೇ ಮತ್ತೆ ಒಂದರಿಂದ ಶುರು ಮಾಡುತ್ತಾರೆ. ಮುಂಚೆ ಪೆನಾಲ್ಟಿ ಕೊಟ್ಟರೆ ಉಸಿರೆಳೆದುಕೊಳ್ಳಲು ಅರ್ಧ ನಿಮಿಷವಾದರೂ ಸಿಗುತ್ತಿತ್ತು, ಈಗ ದಣಿದ ಸಾಲು ದಣಿದೇ ಮುಂದಿನ ಆರು ಟ್ಯಾಕಲ್ ಮಾಡಬೇಕು. ಒಂದು ನಿಯಮದ ಬದಲಾವಣೆ ಇಡೀ ತರಬೇತಿ ಪಟ್ಟಿಯನ್ನು ತಿರುಗಿಸಿಹಾಕಿತು.

ಹೊಸ ಕೋಚ್ ಇಲ್ಲಿ ಮಾಡುವ ತಪ್ಪು ಯಾವಾಗಲೂ ಒಂದೇ. "ಹೀಗೆ ಮಾಡು" ಅಂತ ತಾನೇ ಮಾಡಿ ತೋರಿಸುತ್ತಾನೆ. ಹದಿನೈದು ವರ್ಷ ಆಡಿದವನ ಮೈ ತಾನಾಗಿ ಸರಿಯಾದ ಜಾಗಕ್ಕೆ ಹೋಗುತ್ತದೆ. ಯಾವ ಕಾಲು ಮೊದಲು ಇಟ್ಟೆ ಅಂತ ಕೇಳಿದರೆ ಅವನಿಗೇ ಗೊತ್ತಿರುವುದಿಲ್ಲ. ಕಲಿಸಬೇಕಾದದ್ದು ನಿಖರವಾಗಿ ಅದನ್ನೇ: ಯಾವ ಭುಜದಿಂದ ಹೊಡೆಯುತ್ತಾನೋ ಆ ಕಡೆಯ ಪಾದ ಎದುರಾಳಿಯ ಪಾದದ ಹತ್ತಿರ ಬೀಳಬೇಕು. ದೂರದಿಂದಲೇ ಕೈ ಚಾಚಿದರೆ ಕೈಗೆ ಬಲವಿಲ್ಲ, ತಲೆ ಮುಂದಕ್ಕೆ ಬಾಗುತ್ತದೆ. ಕಣ್ಣು ಎದುರಾಳಿಯ ಸೊಂಟದ ಮೇಲಿರಬೇಕು, ಯಾಕೆಂದರೆ ಭುಜ, ಕಣ್ಣು, ಕೈ ಎಲ್ಲವೂ ಸುಳ್ಳು ಹೇಳುತ್ತವೆ, ಸೊಂಟ ಹೇಳುವುದಿಲ್ಲ. ತಲೆ ಅವನ ಮೈಯ ಪಕ್ಕಕ್ಕೆ ಅಂಟಿರಬೇಕು, ಎಂದೂ ಅವನ ದಾರಿಗೆ ಅಡ್ಡ ಹೋಗಬಾರದು.

ಈ ಕೊನೆಯದಕ್ಕೆ ಎಷ್ಟು ಒತ್ತು ಕೊಟ್ಟರೂ ಕಡಿಮೆ. ತಲೆಗೆ ಪೆಟ್ಟು ಹೆಚ್ಚಾಗಿ ಬೀಳುವುದು ಚೆಂಡು ಹಿಡಿದು ಓಡುವವನಿಗಲ್ಲ, ಅವನನ್ನು ಹಿಡಿಯಲು ಹೋದವನಿಗೆ. ಅವನ ಮೊಣಕಾಲು, ಸೊಂಟ ಇವನ ಕಪಾಳಕ್ಕೆ ಬಡಿಯುತ್ತದೆ. ಕಲಿಸುವ ಕ್ರಮವೂ ಅದಕ್ಕೆ ತಕ್ಕಂತೆ: ಮೊದಲು ಇಬ್ಬರೂ ಮೊಣಕಾಲೂರಿ, ಆಮೇಲೆ ನಿಂತು ನಡಿಗೆಯಲ್ಲಿ, ಆಮೇಲೆ ಪ್ಯಾಡ್ ಹಿಡಿದು 3 ಮೀಟರಿನಿಂದ, ಕೊನೆಗೆ ಪೂರ್ತಿ 10 ಮೀಟರಿನಿಂದ. ಒಂದು ಹಂತದಲ್ಲಿ ಹತ್ತಕ್ಕೆ ಎಂಟು ಸಲ ತಲೆ ಸರಿಯಾದ ಕಡೆ ಹೋಗದಿದ್ದರೆ ಮುಂದಿನ ಹಂತಕ್ಕೆ ಹೋಗಬೇಡಿ. ತನ್ನ ಕಾಲದಲ್ಲಿ ಇದೆಲ್ಲ ಇರಲಿಲ್ಲ ಎನ್ನುವ ಹಳೆಯ ಆಟಗಾರನಿಗೆ ಈ ತಾಳ್ಮೆ ಬರುವುದೇ ಎಲ್ಲಕ್ಕಿಂತ ನಿಧಾನ.

ಒಂದು ಸಲಕ್ಕೆ ಒಂದೇ ಸೂಚನೆ. "ಪಾದ ಹತ್ತಿರ" ಅಂದರೆ ಆ ಹೊತ್ತಿನ ತರಬೇತಿ ಮುಗಿಯುವ ತನಕ ಪಾದದ ಮಾತು ಮಾತ್ರ. ಓಡುತ್ತಿರುವವನ ತಲೆಯಲ್ಲಿ ಮೂರು ಮಾತು ತುಂಬಿದರೆ ಒಂದೂ ಕಾಲಿಗೆ ಇಳಿಯುವುದಿಲ್ಲ.

ಎರಡನೆಯ ಕಲಿಕೆ ನೋಡುವುದು. ಆಟಗಾರನಾಗಿದ್ದಾಗ ಕಣ್ಣು ಚೆಂಡಿನ ಹಿಂದೆ ಹೋಗಬೇಕಿತ್ತು, ಕೋಚ್ ಆದವನು ಚೆಂಡನ್ನು ಬಿಟ್ಟು ನೋಡಬೇಕು. ಚೆಂಡು ಉರುಳಿಸುವ ಜಾಗದ ಪಕ್ಕ ನಿಂತವನನ್ನು ಎ, ಅವನ ಪಕ್ಕದವನನ್ನು ಬಿ, ಆಮೇಲಿನವನನ್ನು ಸಿ ಅನ್ನುತ್ತಾರೆ. ರಂಧ್ರ ಬೀಳುವುದು ಸಾಮಾನ್ಯವಾಗಿ ಇಲ್ಲೇ, ದಣಿದ ದಪ್ಪ ಫಾರ್ವರ್ಡ್‌ಗಳು ನಿಲ್ಲುವ ಜಾಗದಲ್ಲಿ. ಟ್ರೈ ಅಂಚಿನಲ್ಲಿ ಬಿದ್ದರೂ ತಪ್ಪು ಎರಡು ಟ್ಯಾಕಲ್ ಹಿಂದೆ ಮಧ್ಯದಲ್ಲಿ ಆಗಿರುತ್ತದೆ. ವಿಡಿಯೋ ನೋಡುವಾಗ ಟ್ರೈ ಆದ ಕ್ಷಣದಿಂದ ಹಿಂದಕ್ಕೆ ಮೂರು ಟ್ಯಾಕಲ್ ಎಣಿಸಿ, ಅಲ್ಲಿಂದ ಶುರು ಮಾಡಿ. ಮೈದಾನದ ಎತ್ತರದ ತುದಿಯಿಂದ ತೆಗೆದ ಅಗಲ ಚಿತ್ರ ಬೇಕೇ ಬೇಕು. ಟಿವಿಯವರ ಚಿತ್ರ ಚೆಂಡಿಗೆ ಅಂಟಿಕೊಂಡಿರುತ್ತದೆ, ಸಾಲು ಕಾಣುವುದಿಲ್ಲ.

ತಂಡಕ್ಕೆ ತೋರಿಸುವ ವಿಡಿಯೋ 12 ನಿಮಿಷ ಮೀರಬಾರದು. ಎಂಟು ಹತ್ತು ತುಣುಕು ಸಾಕು. ಯಾರ ತಪ್ಪು ಎಲ್ಲರೆದುರು ತೋರಿಸುತ್ತೀರೋ ಅವನಿಗೆ ಮುಂಚೆಯೇ ಒಬ್ಬನಿಗೇ ತೋರಿಸಿರಬೇಕು. ಸಭೆಯಲ್ಲಿ ಮೊದಲ ಬಾರಿ ಕಂಡರೆ ಅವನಿಗೆ ತಪ್ಪು ಕಾಣುವುದಿಲ್ಲ, ಅವಮಾನ ಮಾತ್ರ ಕಾಣುತ್ತದೆ.

ವಾರದ ಲೆಕ್ಕ ಬೇಗ ಹೇಳಿಬಿಡಬಹುದು. ಪಂದ್ಯದ ಮರುದಿನ ಮೈ ಸುಧಾರಿಸುವ ಕೆಲಸ, ಅದರ ಮರುದಿನ ವಿಡಿಯೋ ಮತ್ತು ಹಗುರ ಓಟ. ಮಧ್ಯದ ಒಂದೇ ದಿನ ಮೈಗೆ ಮೈ ತಾಗುವ ಗಟ್ಟಿ ತರಬೇತಿ. ಪಂದ್ಯದ ಹಿಂದಿನ ದಿನ 30–40 ನಿಮಿಷದ ಚುರುಕು ಓಟ, ಯಾರೂ ನೆಲಕ್ಕೆ ಬೀಳಬಾರದು. ಭುಜದ ಎಲುಬುಗಳ ನಡುವೆ ಕಟ್ಟಿದ ಜಿಪಿಎಸ್ ಪೆಟ್ಟಿಗೆ ಓಟದ ದೂರ ಹೇಳುತ್ತದೆ, ಆದರೆ 35 ಟ್ಯಾಕಲ್ ಮಾಡಿದ ಪ್ರಾಪ್‌ನ (ಮಧ್ಯದಲ್ಲಿ ನಿಲ್ಲುವ ದಪ್ಪ ಫಾರ್ವರ್ಡ್) ಕತ್ತು ಎಷ್ಟು ಹಿಡಿದುಕೊಂಡಿದೆ ಅನ್ನುವುದನ್ನು ಹೇಳುವುದಿಲ್ಲ. ಅದನ್ನು ಬೆಳಿಗ್ಗೆ ಅವನು ಕಾರಿನಿಂದ ಇಳಿಯುವ ರೀತಿಯಲ್ಲಿ ನೋಡಬೇಕು. ಎರಡು ಪಂದ್ಯದ ನಡುವೆ ಐದೇ ದಿನವಿದ್ದಾಗ ಗಟ್ಟಿ ತರಬೇತಿಯನ್ನೇ ಕೈಬಿಡುವುದು ಜಾಣತನ. ಹೊಸ ಕೋಚ್ ಸೋತ ವಾರದಲ್ಲಿ ಮಾಡುವುದು ಇದಕ್ಕೆ ತದ್ವಿರುದ್ಧ, ಸಿಟ್ಟಿಗೆ ಒಂದು ಗಟ್ಟಿ ದಿನ ಹೆಚ್ಚಿಸುತ್ತಾನೆ. ಮುಂದಿನ ಪಂದ್ಯದ 60ನೇ ನಿಮಿಷದಲ್ಲಿ ಅದರ ಬಿಲ್ ಬರುತ್ತದೆ.

ಪಂದ್ಯದ ದಿನ ಕೋಚ್‌ನ ಕೈಯಲ್ಲಿರುವುದು ತೀರಾ ಕಡಿಮೆ. ಎನ್‌ಆರ್‌ಎಲ್‌ನಲ್ಲಿ 8 ಬದಲಾವಣೆ ಮಾತ್ರ. ಇಬ್ಬರು ಪ್ರಾಪ್‌ಗಳನ್ನು 20–25 ನಿಮಿಷಕ್ಕೆ ಹೊರತೆಗೆದು, ದ್ವಿತೀಯಾರ್ಧದ ಮಧ್ಯದಲ್ಲಿ ಮತ್ತೆ ಇಳಿಸಿದರೆ ಅಲ್ಲಿಗೇ 4 ಖರ್ಚು. ನಡುವೆ ಯಾರಿಗಾದರೂ ತಲೆಗೆ ಪೆಟ್ಟು ಬಿದ್ದರೆ ವೈದ್ಯರ ಪರೀಕ್ಷೆಗೆ 15 ನಿಮಿಷ ಹೊರಗೆ, ಬರೆದಿಟ್ಟ ಯೋಜನೆ ಚಿಂದಿ. ಅದಕ್ಕೇ ಅನುಭವಸ್ಥರು ಕೊನೆಯ 20 ನಿಮಿಷಕ್ಕೆ ಕನಿಷ್ಠ 2 ಬದಲಾವಣೆ ಕೈಯಲ್ಲಿಟ್ಟುಕೊಂಡಿರುತ್ತಾರೆ. ನೀರಿನ ಬಾಟಲಿ ಹೊತ್ತು ಓಡುವ ಟ್ರೈನರ್ ಮೂಲಕ ಕಳಿಸುವ ಸುದ್ದಿ ಮೂರು ಪದ ಮೀರಿದರೆ ತಲುಪುವಾಗ ಬೇರೆಯದೇ ಆಗಿರುತ್ತದೆ. ವಿರಾಮದಲ್ಲಿ ಮೊದಲ ಮೂರ್ನಾಲ್ಕು ನಿಮಿಷ ಬಾಯಿ ಮುಚ್ಚಿಕೊಂಡಿರಿ. ಅವರ ಉಸಿರು ಇಳಿಯಲಿ, ವೈದ್ಯರು ಹೊಲಿಗೆ ಹಾಕಲಿ. ಆಮೇಲೆ ಎರಡು ಮಾತು.

ಕೋಚ್ ಬಾಕ್ಸ್‌ನಲ್ಲಿ ಬೆಲ್ಲಮಿ ಬಾಟಲಿ ಎಸೆದು ಕೂಗಾಡುವುದನ್ನು ಟಿವಿಯಲ್ಲಿ ನೋಡಿದವರು ಅದೇ ಅವರ ಗುಟ್ಟು ಅಂದುಕೊಳ್ಳುತ್ತಾರೆ. ಅನುಕರಿಸಲು ಸುಲಭವಾದದ್ದು ಅದೊಂದೇ, ಅದಕ್ಕೆ. ಅವರ ಕೆಲಸ ಕಾಣುವುದು ಬೇರೆ ಕಡೆ. ಕೂಪರ್ ಕ್ರಾಂಕ್ ಮೊದಲಿಗೆ ಅಲ್ಲಿಷ್ಟು ಇಲ್ಲಿಷ್ಟು ಆಡುತ್ತಿದ್ದ ಬದಲಿ ಆಟಗಾರ. 2006ರಲ್ಲಿ ಸ್ಟಾರ್ಮ್‌ನಲ್ಲಿ ಆಟ ನಡೆಸುವ ಹಾಫ್‌ಬ್ಯಾಕ್ ಜಾಗ ಖಾಲಿಯಾದಾಗ ಹೊರಗಿನಿಂದ ಹೆಸರಾಂತ ಆಟಗಾರನನ್ನು ತರದೆ ಅವರನ್ನೇ ಆ ಜಾಗಕ್ಕೆ ತಯಾರು ಮಾಡಿದರು. ಹುಕರ್ ಕ್ಯಾಮರಾನ್ ಸ್ಮಿತ್, ಫುಲ್‌ಬ್ಯಾಕ್ ಬಿಲ್ಲಿ ಸ್ಲೇಟರ್ ಜೊತೆ ಸೇರಿ ಆ ಮೂವರು ಹತ್ತಕ್ಕೂ ಹೆಚ್ಚು ವರ್ಷ ತಂಡದ ಬೆನ್ನೆಲುಬಾದರು. ಆಟಗಾರರಿಗೆ ಕೊಡುವ ಒಟ್ಟು ಸಂಬಳಕ್ಕೆ ಲೀಗ್ ಹಾಕಿದ ಮಿತಿ ಮೀರಿದ್ದಕ್ಕೆ 2010ರಲ್ಲಿ ಕ್ಲಬ್ಬಿನ 2007, 2009ರ ಪ್ರಶಸ್ತಿಗಳನ್ನು ಕಿತ್ತುಕೊಂಡರು, ಆ ಋತುವಿಡೀ ಎಷ್ಟು ಗೆದ್ದರೂ ಅಂಕ ಸೊನ್ನೆ. ಅಂಥ ತಂಡವನ್ನು ಪ್ರತಿ ಸೋಮವಾರ ಮೈದಾನಕ್ಕೆ ಎಬ್ಬಿಸಿ ತರುವುದಕ್ಕಿಂತ ಕಠಿಣ ಪರೀಕ್ಷೆ ಈ ವೃತ್ತಿಯಲ್ಲಿ ಇದ್ದಂತಿಲ್ಲ. 2012, 2017, 2020ರಲ್ಲಿ ಮತ್ತೆ ಗೆದ್ದರು.

ಗುರುಪರಂಪರೆಯ ಮಾತು ಬಂದಾಗ ಎರಡು ಫೈನಲ್ ನೆನಪಾಗುತ್ತವೆ. 2006ರಲ್ಲಿ ಬೆಲ್ಲಮಿಯ ಸ್ಟಾರ್ಮ್ 15–8ರಿಂದ ಸೋತದ್ದು ಗುರು ಬೆನೆಟ್ ಅವರ ಬ್ರಾಂಕೋಸ್‌ಗೆ. 2025ರಲ್ಲಿ 26–22ರಿಂದ ಸೋತದ್ದು ಮತ್ತೆ ಬ್ರಾಂಕೋಸ್‌ಗೇ, ಆದರೆ ಈ ಸಲ ಅದರ ಕೋಚ್ ಮೈಕಲ್ ಮಗ್ವಾಯರ್, ಬೆಲ್ಲಮಿಯ ಕೈಕೆಳಗೆ ಸಹಾಯಕರಾಗಿ ಪಳಗಿದವರು. ಸಹಾಯಕನ ಕುರ್ಚಿ ಎಷ್ಟು ಬೆಲೆಬಾಳುತ್ತದೆ ಅನ್ನಲು ಇದಕ್ಕಿಂತ ಸಾಕ್ಷಿ ಬೇಡ.

ಎಲ್ಲರೂ ಹತ್ತು ವರ್ಷ ಕಾಯುವುದಿಲ್ಲ ನಿಜ. ರಿಕಿ ಸ್ಟುವರ್ಟ್ ತಾರೆಯಾಗಿದ್ದವರು, ಮೊದಲ ವರ್ಷದಲ್ಲೇ, 2002ರಲ್ಲಿ, ಸಿಡ್ನಿ ರೂಸ್ಟರ್ಸ್‌ಗೆ ಪ್ರಶಸ್ತಿ ಗೆದ್ದುಕೊಟ್ಟರು. 2003, 2004ರ ಫೈನಲ್‌ಗೂ ತಂದು ಎರಡನ್ನೂ ಸೋತರು. ಆಮೇಲಿನ ಎರಡು ದಶಕಗಳಲ್ಲಿ ಎನ್‌ಆರ್‌ಎಲ್ ಪ್ರಶಸ್ತಿ ಮತ್ತೆ ಕೈಗೆ ಬಂದಿಲ್ಲ.

ನಿನ್ನೆಯ ತಂಡದ ಗೆಳೆಯ ಇಂದು ನಿಮ್ಮ ಕೈಕೆಳಗಿನ ಆಟಗಾರನಾದರೆ, ಮೊದಲ ವಾರದಲ್ಲೇ ಒಬ್ಬೊಬ್ಬರನ್ನೇ ಕೂರಿಸಿ ಹೇಳಿಬಿಡಿ: ತಂಡದ ಪಟ್ಟಿಯಿಂದ ಹೆಸರು ಬಿಟ್ಟರೆ ಆ ಸುದ್ದಿ ನನ್ನ ಬಾಯಿಂದಲೇ ಬರುತ್ತದೆ, ಪಟ್ಟಿ ಹೊರಬೀಳುವ ಮುಂಚೆಯೇ ಬರುತ್ತದೆ, ಕಾರಣ ಸಹಿತ ಬರುತ್ತದೆ. ಎನ್‌ಆರ್‌ಎಲ್ ಪಟ್ಟಿ ಮಂಗಳವಾರ ಸಂಜೆ ಪ್ರಕಟವಾಗುತ್ತದೆ. ಸೋಮವಾರ ಆ ಮಾತು ಆಡದಿದ್ದರೆ ಬುಧವಾರದಿಂದ ಅವನು ನಿಮ್ಮ ಕಣ್ಣು ತಪ್ಪಿಸುತ್ತಾನೆ.

ಕೊನೆಗೆ ನೌಕರಿಯ ಭದ್ರತೆ. ಅದು ಇಲ್ಲ. ಫುಲ್‌ಬ್ಯಾಕ್ ಆಗಿದ್ದ ಐವನ್ ಕ್ಲಿಯರಿ 2002ರಲ್ಲಿ ನ್ಯೂಜಿಲೆಂಡ್ ವಾರಿಯರ್ಸ್ ಪರ ಫೈನಲ್ ಆಡಿ ಆಟ ಬಿಟ್ಟರು, 2006ರಲ್ಲಿ ಅದೇ ಕ್ಲಬ್ಬಿನ ಮುಖ್ಯ ಕೋಚ್ ಆದರು, 2011ರಲ್ಲಿ ತಂಡವನ್ನು ಫೈನಲ್‌ಗೆ ತಂದರು. ಅಲ್ಲಿಂದ ಪೆನ್ರಿತ್ ಕ್ಲಬ್ಬಿಗೆ ಹೋದರು, 2015ರ ಋತು ಮುಗಿಯುತ್ತಿದ್ದಂತೆ ಪೆನ್ರಿತ್ ಅವರನ್ನು ಕೈಬಿಟ್ಟಿತು. 2019ರಲ್ಲಿ ಅದೇ ಪೆನ್ರಿತ್ ವಾಪಸ್ ಕರೆಸಿಕೊಂಡಿತು. 2021ರಿಂದ 2024ರವರೆಗೆ ಸತತ ನಾಲ್ಕು ಪ್ರಶಸ್ತಿ, ಮಗ ನೇಥನ್ ತಂಡದ ಹಾಫ್‌ಬ್ಯಾಕ್. ಹಾಗಾಗಿ ಬಿಟ್ಟು ಹೋಗುವಾಗ ಬಾಗಿಲು ಜೋರಾಗಿ ಹಾಕಬೇಡಿ. ಇನ್ನೊಂದು: ತರಬೇತಿಯ ಟಿಪ್ಪಣಿ, ಡ್ರಿಲ್ ಚಿತ್ರಗಳು ನಿಮ್ಮದೇ ನೋಟ್‌ಬುಕ್‌ನಲ್ಲಿರಲಿ. ಕೆಲಸ ಹೋದ ದಿನ ಮೊದಲು ವಾಪಸ್ ಕೇಳುವುದು ಕ್ಲಬ್ಬಿನ ಲ್ಯಾಪ್‌ಟಾಪ್.