ಚಿಹ್ನೆ ಬದಲಿಸಿದ್ದೀಯೇನೋ?

ಗಣಿತದ ಮೇಷ್ಟ್ರು ತೀರಿಕೊಂಡ ಸುದ್ದಿ ತಿಳಿದಾಗ ಹಳೆಯ ಸಹಪಾಠಿಗಳೆಲ್ಲ ನೆನಪಿಸಿಕೊಂಡದ್ದು ಅವರ ಒಂದೇ ಪ್ರಶ್ನೆಯನ್ನು: "ಚಿಹ್ನೆ ಬದಲಿಸಿದ್ದೀಯೇನೋ?"

ವರ್ಜಿಸುವ ವಿಧಾನಕ್ಕೆ, ಅಂದರೆ ಎರಡು ಸಮೀಕರಣಗಳಿಂದ ಎಕ್ಸ್ ಅಥವಾ ವೈಯನ್ನು ತೊಲಗಿಸಿ ಉಳಿದದ್ದನ್ನು ಬಿಡಿಸುವುದಕ್ಕೆ, ಅವರು ಬೋರ್ಡಿನ ಮೇಲೆ ಬರೆಯುತ್ತಿದ್ದ ಜೋಡಿ ಇದು: 4ಎಕ್ಸ್ − 3ವೈ = 6, 6ಎಕ್ಸ್ + 5ವೈ = 28. ಎಕ್ಸ್ ಹೋಗಬೇಕಾದರೆ ಅದರ ಮುಂದಿನ ಅಂಕಿ ಎರಡರಲ್ಲೂ ಒಂದೇ ಆಗಬೇಕು; 4 ಮತ್ತು 6ರ ಲ.ಸಾ.ಅ. (ಲಘುತಮ ಸಾಮಾನ್ಯ ಅಪವರ್ತ್ಯ) 12. ಮೊದಲನೆಯದನ್ನು 3ರಿಂದ, ಎರಡನೆಯದನ್ನು 2ರಿಂದ ಗುಣಿಸಿದರೆ 12ಎಕ್ಸ್ − 9ವೈ = 18, 12ಎಕ್ಸ್ + 10ವೈ = 56. ಕೆಳಗಿನದರಿಂದ ಮೇಲಿನದನ್ನು ಕಳೆಯುವಾಗಲೇ ಎಡವಟ್ಟು. ಮೈನಸ್ 9ವೈ ಕಳೆದರೆ ಪ್ಲಸ್ ಆಗುತ್ತದೆ; 19ವೈ = 38, ವೈ = 2, ಎಕ್ಸ್ = 3.

ಅವಸರದವರಿಗೆ 10ವೈ − 9ವೈ ಆಗಿ ವೈ = 38 ಬರುತ್ತಿತ್ತು. ಅದನ್ನು ಮೊದಲ ಸಮೀಕರಣಕ್ಕೆ ಹಾಕಿದರೆ ಎಕ್ಸ್ = 30. ಹಿಂದಿನ ಬೆಂಚಿನ ತಂಡ ತಾಳೆಯನ್ನೂ ಅದರಲ್ಲೇ ನೋಡಿ, 120 − 114 = 6 ಎಂದು ಬರೆದು, ಉತ್ತರದ ಕೆಳಗೆ ಜಂಬದಿಂದ ಎರಡು ಗೆರೆ ಎಳೆಯುತ್ತಿತ್ತು. ಮೇಷ್ಟ್ರು ಬೈಯಲಿಲ್ಲ, ಎರಡನೆಯದಕ್ಕೆ ಹಾಕಿಸಿದರು. 180 + 190 = 370! ಬೇಕಿದ್ದದ್ದು 28. ತರಗತಿಗೆ ತರಗತಿಯೇ ನಕ್ಕಿತು. ಬೆಲೆ ಹುಟ್ಟಿದ ಸಮೀಕರಣ ಆ ಬೆಲೆಗೆ ಹೇಗೂ ಹೊಂದುತ್ತದೆ, ಆದ್ದರಿಂದ ಕೇಳಬೇಕಾದ್ದು ಇನ್ನೊಂದನ್ನು. ಅದೂ ಗುಣಿಸುವ ಮೊದಲಿನ ರೂಪದಲ್ಲಿ. ಬಲಬದಿಯ ಸ್ಥಿರಾಂಕವನ್ನು ಗುಣಿಸಲು ಮರೆತಿದ್ದರೂ ಅಲ್ಲಿ ಸಿಕ್ಕಿಬೀಳುತ್ತದೆ.

ಕೂಡಿದರೆ ಮುಗಿಯುವಲ್ಲಿ ಕಳೆಯಲು ಹೋಗಬೇಡಿ ಎನ್ನುತ್ತಿದ್ದರು. ಇಲ್ಲಿ ವೈಗಳ ಚಿಹ್ನೆ ವಿರುದ್ಧ. 5ರಿಂದ ಮತ್ತು 3ರಿಂದ ಗುಣಿಸಿ ಕೂಡಿದರೆ 38ಎಕ್ಸ್ = 114; ಅಂಕಿ ದೊಡ್ಡದಾದರೂ ಚಿಹ್ನೆಯ ತಂಟೆಯಿಲ್ಲ. (ಈ ವಿಧಾನಕ್ಕೆ ಜರ್ಮನ್ ಗಣಿತಜ್ಞ ಗಾಸ್ ಹೆಸರು ಅಂಟಿದೆ. ಆದರೆ ಕ್ರಿ.ಶ. 263ರಲ್ಲಿ ಗಣಿತಜ್ಞ ಲಿಯು ಹುಯಿ ವ್ಯಾಖ್ಯಾನ ಬರೆದ ಚೀನೀ ಗ್ರಂಥದಲ್ಲೇ ಇದು ಇತ್ತು.)

ಈಗಿನ ಬಹು ಆಯ್ಕೆಯ ಪ್ರಶ್ನೆಗಳಲ್ಲಿ ನಾಲ್ಕು ಉತ್ತರಗಳನ್ನೂ ಹಾಕಿ ನೋಡಿ ಸರಿಯಾದುದಕ್ಕೆ ಗುರುತು ಹಾಕಬಹುದು. ಜಾಣತನವೇ, ತಕರಾರಿಲ್ಲ. ಆದರೆ 2ಎಕ್ಸ್ + 3ವೈ = 5, 4ಎಕ್ಸ್ + 6ವೈ = 17 ಕೊಟ್ಟು ಬಿಡಿಸಲು ಹೇಳಿ. ಎರಡು ಚರಾಕ್ಷರಗಳೂ ಒಟ್ಟಿಗೆ ಮಾಯವಾಗಿ 0 = 7 ಉಳಿದಾಗ ಮಕ್ಕಳು ಲೆಕ್ಕ ಕೆಟ್ಟಿತೆಂದು ಅಳಿಸುತ್ತಾರೆ. ನಕ್ಷೆಯಲ್ಲಿ ಎಳೆದರೆ ಇಂಥ ಪ್ರತಿ ಸಮೀಕರಣವೂ ಒಂದು ಸರಳರೇಖೆ. ನಮ್ಮ ಬ್ಯಾಚಿನವರು, ಹೆಮ್ಮೆಯಿಂದಲೇ ಹೇಳುತ್ತೇನೆ, "ಸಮಾಂತರ ರೇಖೆಗಳು, ಪರಿಹಾರವಿಲ್ಲ" ಎಂದು ಬರೆಯುತ್ತಿದ್ದರು. 17ರ ಜಾಗದಲ್ಲಿ 10 ಇದ್ದು 0 = 0 ಬಂದರೆ, "ಒಂದೇ ರೇಖೆ, ಅಪರಿಮಿತ ಪರಿಹಾರಗಳು".