ಬಾಗಿದ ಹಳಿಗೊಂದು ಜಿಮ್ ಕ್ರೋ: ಶಹಾಬಾದಿನ ಕೆಲಸದ ದಿನಚರಿ

ಎಳ್ಳ ಅಮಾವಾಸ್ಯೆ ಮುಗಿದ ಭಾನುವಾರ

ಶಹಾಬಾದಿನಲ್ಲಿ ನಮ್ಮ ಕಾಕಾ ಫರ್ಸಿ ಕಲ್ಲು ಪಾಲಿಶ್ ಮಾಡುವ ಯೂನಿಟ್ ನಡೆಸುತ್ತಾರೆ. ಕಲ್ಲು ಸಾಗಿಸಲು ಅಂಗಳದಲ್ಲಿ ಒಂದು ಟ್ರಾಲಿ ಇದೆ. ಅದು ಓಡಾಡಲು 18 ಮೀಟರ್ ಉದ್ದದ ಸಣ್ಣ ಹಳಿ. ಅಂಗಳದವರೆಲ್ಲ ಅದಕ್ಕೆ ಪಟ್ರಿ ಎನ್ನುತ್ತಾರೆ. ಹಬ್ಬದ ದಿನ ಎಲ್ಲರೂ ಹೊಲಕ್ಕೆ ಹೋಗಿ ಭಜ್ಜಿ, ಸಜ್ಜಿ ರೊಟ್ಟಿ ಉಂಡು ಬಂದೆವು. ಮರುದಿನ ಬೆಳಗ್ಗೆ ಕಲ್ಲು ತುಂಬಿದ ಲಾರಿಯೊಂದು ಹಿಂದಕ್ಕೆ ಬರುತ್ತಾ ಹಳಿಯ ಮೇಲೆ ಹತ್ತಿ ಪಕ್ಕಕ್ಕೆ ಜಾರಿತು. ಒಟ್ಟು ಆರು ತುಂಡಿನಲ್ಲಿ ಮೂರು ಬಾಗಿದವು. ಟ್ರಾಲಿ ಆ ಜಾಗಕ್ಕೆ ಬಂದರೆ ಸಾಕು, ಕೆಳಗೆ ಬೀಳುತ್ತಿತ್ತು.

ಇವು ಮೀಟರಿಗೆ ಸುಮಾರು 15 ಕಿಲೋ ತೂಗುವ ಹಳಿ. ಎತ್ತರ 79 ಮಿ.ಮೀ., ಕೆಳಗಿನ ಪಾದದ ಅಗಲವೂ 79, ಮೇಲಿನ ತಲೆ 43. ನಮ್ಮ ಕಲಬುರಗಿ ಸ್ಟೇಷನ್ನಿನಲ್ಲಿ ಕಾಣುವ ಹಳಿಗೆ ಹೋಲಿಸಿದರೆ ಇದು ಮಗು. ಅಲ್ಲಿಯ 60 ಕಿಲೋ ಹಳಿ 172 ಮಿ.ಮೀ. ಎತ್ತರ ಇರುತ್ತದೆ.

ಹೊಸ ತುಂಡು ಹಾಕಿಬಿಡೋಣ ಅಂದುಕೊಂಡೆವು. ಈ ಅಳತೆಯದು ಬಿಡಿಯಾಗಿ ಇಲ್ಲಿ ಸಿಗಲಿಲ್ಲ. ಭಂಗಾರ್ ಅಂಗಡಿಗಳಲ್ಲಿ ಬಿಲ್ ಇಲ್ಲದ ಹಳಿ ತೋರಿಸಿದರು, ನಾವು ಮುಟ್ಟಲಿಲ್ಲ. ರೈಲ್ವೆಯ ಮಾಲು ನಮ್ಮ ಹತ್ತಿರ ಇದ್ದು, ಅದು ಹೇಗೆ ಬಂತೆಂದು ಹೇಳಲು ಆಗದಿದ್ದರೆ ಅದೇ ಅಪರಾಧ. 1966ರ ಕಾಯ್ದೆಯೇ ಇದೆ. ಹಾಗಾಗಿ ಇರುವುದನ್ನೇ ನೆಟ್ಟಗೆ ಮಾಡುವುದು ಎಂದು ತೀರ್ಮಾನವಾಯಿತು. ನನ್ನ ದಿನದ ಕೆಲಸ ಪಂಪ್‌ಸೆಟ್ ರಿಪೇರಿ. ಕಲಬುರಗಿಯ ಎಂ.ಎಸ್.ಕೆ. ಮಿಲ್ ಕಡೆ ಸಣ್ಣ ಅಂಗಡಿ ಇದೆ. ಭಾನುವಾರ ನನ್ನದೇ.

ಅದೇ ವಾರ, ವಾಡಿಯಲ್ಲಿ

ಕಾಕಾಗೆ ಪರಿಚಯದ ಒಬ್ಬ ಅಜ್ಜ ವಾಡಿಯಲ್ಲಿದ್ದಾರೆ. ಗ್ಯಾಂಗ್‌ಮನ್ ಆಗಿ ದುಡಿದು ನಿವೃತ್ತರಾದವರು. ವಾಡಿ ಎಂದರೆ ಹಳಿಯ ಊರೇ. ಮುಂಬೈ ಕಡೆಯಿಂದ ರಾಯಚೂರಿನವರೆಗೆ ದಾರಿ ಬಂದದ್ದು 1871ರಲ್ಲಿ. ಮೂರು ವರ್ಷದ ಮೇಲೆ, 1874ರಲ್ಲಿ, ನಿಜಾಮರ ಹೈದರಾಬಾದ್ ದಾರಿ ಇಲ್ಲಿ ಬಂದು ಕೂಡಿತು. ಅಂಥ ಊರಲ್ಲಿ ಮೂರು ತಲೆಮಾರು ಹಳಿ ಕಾಯ್ದ ಮನೆ ಅವರದು.

ನಾನು ಫೋಟೋ ತೋರಿಸಿದೆ. ನೋಡಿದ ಕೂಡಲೇ "ಜಿಮ್ ಕ್ರೋ ಬೇಕು ತಮ್ಮಾ ಇದಕ್ಕ" ಎಂದರು.

ಜಿಮ್ ಕ್ರೋ ಎಂದರೆ ಬಿಲ್ಲಿನಂಥ ಗಟ್ಟಿ ಚೌಕಟ್ಟು. ಎರಡು ತುದಿಯಲ್ಲಿ ಎರಡು ಕೊಕ್ಕೆ, ನಡುವೆ ಒಂದು ದಪ್ಪ ಸ್ಕ್ರೂ. ಕೊಕ್ಕೆಗಳು ಹಳಿಯನ್ನು ಆ ಬದಿಯಿಂದ ಹಿಡಿಯುತ್ತವೆ, ಸ್ಕ್ರೂ ಈ ಬದಿಯಿಂದ ಒತ್ತುತ್ತದೆ. ಅಷ್ಟೇ. ಕರೆಂಟ್ ಬೇಡ, ಬೆಂಕಿ ಬೇಡ. ಇಬ್ಬರು ಹೊತ್ತು ತಂದು ಹಳಿ ಇರುವಲ್ಲಿಯೇ ಕೆಲಸ ಮಾಡಬಹುದು. ಅಮೆರಿಕದಲ್ಲಿ ಕಪ್ಪು ಜನರನ್ನು ಬೇರೆ ಇಟ್ಟ ಕಾನೂನುಗಳಿಗೂ ಇದೇ ಹೆಸರಿತ್ತು. ಆ ಕಾರಣಕ್ಕೆ ಈ ಸಾಧನವನ್ನು ಈಗ ಹಲವರು ರೈಲ್ ಬೆಂಡರ್ ಎನ್ನುತ್ತಾರೆ. ನಮ್ಮ ಕಡೆ ಗ್ಯಾಂಗಿನವರ ಬಾಯಲ್ಲಿ ಹಳೆಯ ಹೆಸರೇ ಉಳಿದಿದೆ.

ಗ್ಯಾಸ್ ಕಟರಿನಿಂದ ಕೆಂಪಗೆ ಕಾಯಿಸಿ ಬಡಿದು, ನೀರು ಹಾಕಿದರೆ ಆಯಿತಲ್ಲ ಎಂದು ನಮ್ಮ ವೆಲ್ಡರ್ ಹೇಳಿದ್ದ. ಅಜ್ಜ ಅದನ್ನು ಕೇಳಿ ಕೈ ಅಡ್ಡ ಮಾಡಿದರು. ಕಾರಣ ಸರಿಯಾಗಿದೆ. ಹಳಿಯ ಉಕ್ಕಿನಲ್ಲಿ ಇಂಗಾಲ ಜಾಸ್ತಿ. ಕೆಂಪಗಿರುವಾಗ ನೀರು ಬಿದ್ದರೆ ಆ ಜಾಗ ಗಾಜಿನ ಹಾಗೆ ಬಿರುಸಾಗುತ್ತದೆ. ಮುಂದೆ ಭಾರ ಬಿದ್ದಾಗ ಅಲ್ಲಿಂದಲೇ ಬಿರುಕು ಬರುತ್ತದೆ. ತಣ್ಣಗೆ ಒತ್ತುವುದೇ ಸರಿ.

ಮೊದಲ ಚೌಕಟ್ಟು

ಇದನ್ನು ವಿವರವಾಗಿ ಬರೆಯುತ್ತೇನೆ, ಯಾಕೆಂದರೆ ಇಲ್ಲಿ ನಾನು ತಪ್ಪು ಮಾಡಿದೆ.

ಅಂಗಡಿಯಲ್ಲಿ 12 ಮಿ.ಮೀ. ದಪ್ಪದ ಪ್ಲೇಟ್ ಇತ್ತು. ನೋಡಲು ಭಾರಿ ಗಟ್ಟಿ. ಅದರಲ್ಲೇ 75 ಮಿ.ಮೀ. ಅಗಲದ ಬಿಲ್ಲು ಕತ್ತರಿಸಿದೆ. ಕೊಕ್ಕೆಯಿಂದ ಕೊಕ್ಕೆಗೆ 500 ಮಿ.ಮೀ. ಹಳಿ ಹಾಕಿ ಸ್ಕ್ರೂ ತಿರುಗಿಸಿದೆವು. ಮೊದಲು ಚೆನ್ನಾಗಿ ಬಿಗಿಯಾಯಿತು. ಆಮೇಲೆ ಕೈಗೆ ಹಗುರವಾಗಿ ತಿರುಗತೊಡಗಿತು. ಹಳಿ ನೆಟ್ಟಗಾಗುತ್ತಿದೆ ಎಂದು ಖುಷಿಯಾಯಿತು. ಸ್ಕ್ರೂ ಬಿಚ್ಚಿ ನೋಡಿದರೆ ಹಳಿ ಇದ್ದ ಹಾಗೇ ಇದೆ, ಚೌಕಟ್ಟು ಬಾಯಿ ಬಿಟ್ಟಿದೆ.

ಆ ರಾತ್ರಿ ಲೆಕ್ಕ ಹಾಕಿದೆ. ಮೊದಲೇ ಹಾಕಬೇಕಿತ್ತು. ಹಳಿಯ ಉಕ್ಕು ಚದರ ಮಿ.ಮೀ.ಗೆ 400 ನ್ಯೂಟನ್‌ವರೆಗೆ ತಡೆಯುತ್ತದೆ ಎಂದು ಹಿಡಿದೆ. 500 ಮಿ.ಮೀ. ಅಂತರದಲ್ಲಿ ಈ ಹಳಿಯನ್ನು ಪಕ್ಕಕ್ಕೆ ಬಾಗಿಸಲು ಸುಮಾರು 3 ಟನ್ ಒತ್ತಡ ಬೇಕು. ಅಲ್ಲಿ ಬಾಗಲು ಶುರು. ಪೂರ್ತಿ ಬಗ್ಗಲು 4.5 ಟನ್ ಹತ್ತಿರ. ಹಳಿಗೆ ಬಾಗಿಸುವ ಪ್ರಭಾವ (ಬೆಂಡಿಂಗ್ ಮೊಮೆಂಟ್) ಎಷ್ಟು ಬೀಳುತ್ತದೋ ಬಿಲ್ಲಿನ ನಡುವಿಗೂ ಅಷ್ಟೇ ಬೀಳುತ್ತದೆ. ನನ್ನ ಪ್ಲೇಟಿಗೆ 3 ಟನ್ನಿನಲ್ಲೇ ಚದರ ಮಿ.ಮೀ.ಗೆ ಸುಮಾರು 325 ನ್ಯೂಟನ್ ಬಂತು. ಸಾದಾ ಮೈಲ್ಡ್ ಸ್ಟೀಲ್ ತಡೆಯುವುದೇ 250. ಹಳಿಗಿಂತ ಮೊದಲು ಅದು ಸೋಲಲೇಬೇಕಿತ್ತು.

ಎರಡನೇ ಚೌಕಟ್ಟು, ಸಂಕ್ರಾಂತಿಗೆ ಮೊದಲು

ಈ ಸಲ 16 ಮಿ.ಮೀ. ಪ್ಲೇಟ್ ಎರಡು, ಒಂದರ ಮೇಲೊಂದು, ಅಗಲ 100 ಮಿ.ಮೀ. ಅಗಲದ ಮಹತ್ವ ಇಲ್ಲಿ ಗೊತ್ತಾಗುತ್ತದೆ. ದಪ್ಪ ಎರಡು ಪಟ್ಟು ಮಾಡಿದರೆ ಬಲ ಎರಡು ಪಟ್ಟು. ಅಗಲ ಎರಡು ಪಟ್ಟು ಮಾಡಿದರೆ ಬಲ ನಾಲ್ಕು ಪಟ್ಟು. 4.5 ಟನ್ ಬಿದ್ದರೂ ಈಗ ಚದರ ಮಿ.ಮೀ.ಗೆ ಸುಮಾರು 105 ನ್ಯೂಟನ್ ಮಾತ್ರ. ನಿಶ್ಚಿಂತೆ.

ಸ್ಕ್ರೂ ಕಪನೂರಿನ ಒಂದು ಲೇತ್ ಅಂಗಡಿಯಲ್ಲಿ ಮಾಡಿಸಿದೆ. ಇಎನ್8 ಎಂಬ ಉಕ್ಕಿನ ರಾಡ್, 36 ಮಿ.ಮೀ., 6 ಮಿ.ಮೀ. ಪಿಚ್ (ಒಂದು ಸುತ್ತಿಗೆ ಅಷ್ಟು ಮುಂದೆ ಹೋಗುತ್ತದೆ), ಸ್ಕ್ವೇರ್ ಥ್ರೆಡ್. ಸಾದಾ ಬೋಲ್ಟಿನ ವಿ ಥ್ರೆಡ್ ಬೇಡ ಎಂದು ಹಟ ಹಿಡಿದೆ. ಅದರಲ್ಲಿ ಉಜ್ಜಾಟ ಜಾಸ್ತಿ. ನಟ್ಟಿಗೆ ಗನ್ ಮೆಟಲ್ (ತಾಮ್ರ, ತವರ ಬೆರೆತ ಲೋಹ) ಬುಷ್, 55 ಮಿ.ಮೀ. ಉದ್ದ. ಉಕ್ಕಿನ ಮೇಲೆ ಉಕ್ಕು ಇಷ್ಟು ಒತ್ತಡದಲ್ಲಿ ತಿರುಗಿದರೆ ಕಚ್ಚಿಕೊಂಡು ಬಿಡುತ್ತದೆ. ಗ್ರೀಸ್ ಧಾರಾಳವಾಗಿ ಹಚ್ಚಿದೆ. ಒಂದು ಮೀಟರ್ ಪೈಪ್ ಹಾಕಿದರೆ 4.5 ಟನ್ ಬರಿಸಲು ಕೈಯಿಂದ ಸುಮಾರು 25 ಕಿಲೋ ಎಳೆತ ಸಾಕು ಎಂದು ಲೆಕ್ಕ ಬಂತು. ಕಾಕಾನ ಮಗಳು, ಪಿಯುಸಿ ಓದುವ ಹುಡುಗಿ, ಒಬ್ಬಳೇ ತಿರುಗಿಸಿ ತೋರಿಸಿದಳು.

ಸ್ಕ್ರೂ ಮುಂದಿನ ಒತ್ತುವ ತುಂಡು ಇನ್ನೊಂದು ಪಾಠ ಕಲಿಸಿತು. ಮೊದಲು ಸುಮ್ನೆ ಚಪ್ಪಟೆ ತುಂಡು ಇಟ್ಟಿದ್ದೆ. ಪಾದ ತಲೆಗಿಂತ ಪಕ್ಕಕ್ಕೆ 18 ಮಿ.ಮೀ. ಚಾಚಿರುತ್ತದೆ. ಚಪ್ಪಟೆ ತುಂಡು ಪಾದಕ್ಕೆ ಮಾತ್ರ ತಾಗಿತು, ಹಳಿ ಮಗ್ಗುಲಿಗೆ ವಾಲಿತು. ಆಗ ಒಂದು ಕೊಕ್ಕೆ ಜಾರಿ ಇಡೀ ಸಾಧನ ಮೇಲಕ್ಕೆ ಜಿಗಿಯಿತು. ಯಾರಿಗೂ ತಾಗಲಿಲ್ಲ. ನನ್ನ ಎದೆ ಮಾತ್ರ ತುಂಬಾ ಹೊತ್ತು ಬಡಿಯುತ್ತಿತ್ತು. ಅಂದಿನಿಂದ ಎರಡು ನಿಯಮ. ಸ್ಕ್ರೂ ಬಿಗಿಯಾಗಿರುವಾಗ ಅದರ ನೇರಕ್ಕೆ ಯಾರೂ ನಿಲ್ಲಬಾರದು. ಚೌಕಟ್ಟಿಗೆ ಹಗ್ಗ ಹಾಕಿ ಹಳಿಗೆ ಕಟ್ಟಬೇಕು.

ಒತ್ತುವ ತುಂಡಿಗೂ ಕೊಕ್ಕೆಗಳ ಒಳಮೈಗೂ 18 ಮಿ.ಮೀ. ಮೆಟ್ಟಿಲು ಮಾಡಿದೆ. ಈಗ ತಲೆ, ಪಾದ ಎರಡಕ್ಕೂ ಒಟ್ಟಿಗೇ ತಾಗುತ್ತದೆ. ಎಲ್ಲ ಸೇರಿ ತೂಕ 26 ಕಿಲೋ. ಬೈಕಿನ ಹಿಂದೆ ಕಟ್ಟಿಕೊಂಡು ಒಯ್ಯಬಹುದು.

ಮೊದಲ ಹಳಿ ನೆಟ್ಟಗಾದ ದಿನ

ಅಜ್ಜನನ್ನು ಕರೆದುಕೊಂಡು ಬಂದೆ. ಅವರು ಜಿಮ್ ಕ್ರೋ ಕಡೆ ನೋಡಲೇ ಇಲ್ಲ. ಮೊದಲು ದಾರ ಕೇಳಿದರು.

ಹಳಿಯನ್ನು ಬಿಚ್ಚಿ ಕಟ್ಟಿಗೆಯ ತುಂಡುಗಳ ಮೇಲೆ ಮಲಗಿಸಿದೆವು. ತಲೆಯ ಪಕ್ಕಕ್ಕೆ 3 ಮೀಟರ್ ದಾರ ಎಳೆದು ಹಿಡಿದೆವು. ನಡುವೆ ದಾರಕ್ಕೂ ಹಳಿಗೂ 41 ಮಿ.ಮೀ. ಸಂದು. ಅಜ್ಜ ಅಲ್ಲಿಗೇ ನಿಲ್ಲಲಿಲ್ಲ. 100 ಮಿ.ಮೀ.ಗೆ ಒಂದರಂತೆ ಸುಣ್ಣದ ಗುರುತು ಹಾಕಿ, ಪ್ರತಿ ಗುರುತಿನಲ್ಲೂ ಅಳೆಸಿದರು. ಆಗ ಕಂಡಿತು. ಬಾಗು ಒಂದೇ ಚುಕ್ಕೆಯಲ್ಲಿ ಇಲ್ಲ, 700 ಮಿ.ಮೀ. ಉದ್ದಕ್ಕೆ ಹರಡಿದೆ. ಉಳಿದ ಹಳಿ ನೆಟ್ಟಗೇ ಇದೆ. ಅಂದರೆ ಒತ್ತಬೇಕಾದದ್ದು ಆ 700 ಮಿ.ಮೀ. ಒಳಗೆ ಮಾತ್ರ.

ಹುರುಪಿನಲ್ಲಿ ನಾನು ಪೈಪ್ ಹಾಕಿ ಜೋರಾಗಿ ಎಳೆದೆ. ಅಜ್ಜ ಹೆಗಲ ಮೇಲೆ ಕೈ ಇಟ್ಟರು. "ಹಂಗ ಗುದ್ದಾಡಬ್ಯಾಡ ತಮ್ಮಾ. ಸ್ವಲ್ಪ ಒತ್ತು. ಬಿಡು. ದಾರ ಹಿಡಿ."

ಬಿಗಿಯಾದ ಮೇಲೆ ಮೂರನೇ ಒಂದು ಸುತ್ತು ತಿರುಗಿಸಿ ಬಿಚ್ಚಿದರೆ ಹಳಿ ಪೂರ್ತಿ ವಾಪಸ್ ಬಂತು, ಏನೂ ಉಳಿಯಲಿಲ್ಲ. ಅದು ಉಕ್ಕಿನ ಸ್ಪ್ರಿಂಗ್ ಗುಣ. ಅರ್ಧ ಸುತ್ತು ತಿರುಗಿಸಿದಾಗ ಸುಮಾರು ಒಂದು ಮಿ.ಮೀ. ಉಳಿಯಿತು. ಒಂದು ಮಿ.ಮೀ. ಎಂದರೆ ಏನೂ ಅಲ್ಲ ಅನ್ನಿಸುತ್ತದೆ, ಅಲ್ವಾ? ದಾರ ಹಿಡಿದರೆ ಸಂದು 41ರಿಂದ 35ಕ್ಕೆ ಇಳಿದಿತ್ತು. ಅರ್ಧ ಮೀಟರಿನಲ್ಲಿ ಒಂದು ಮಿ.ಮೀ. ತಿದ್ದಿದರೆ ಮೂರು ಮೀಟರಿನಲ್ಲಿ ಅದು ಆರು ಮಿ.ಮೀ. ಆಗಿ ಕಾಣುತ್ತದೆ. ಇದು ಗೊತ್ತಾದ ಮೇಲೆ ನನ್ನ ಕೈ ತಾನೇ ನಿಧಾನವಾಯಿತು.

ಒಂದು ಗುರುತಿನಲ್ಲಿ ಒತ್ತುವುದು, ಬಿಚ್ಚುವುದು, ದಾರ ಹಿಡಿಯುವುದು, ಜಿಮ್ ಕ್ರೋವನ್ನು 100 ಮಿ.ಮೀ. ಮುಂದೆ ಸರಿಸುವುದು. ಒಂದೇ ಕಡೆ ಏಳು ಮಿ.ಮೀ. ಒತ್ತಿದ್ದರೆ ದಾರದಲ್ಲಿ ಸೊನ್ನೆ ಬರುತ್ತಿತ್ತು, ಆದರೆ ನಡುವೆ ಒಂದು ಮೊಳಕೈಯಂಥ ಮುರಿ ಉಳಿಯುತ್ತಿತ್ತು. ಟ್ರಾಲಿಯ ಚಕ್ರ ಪ್ರತಿ ಸಲ ಅದಕ್ಕೆ ಬಡಿಯುತ್ತಿತ್ತು. ಲಾರಿ ಹೇಗೆ ಹರಡಿ ಬಾಗಿಸಿತೋ ಹಾಗೇ ಹರಡಿ ತಿದ್ದಬೇಕು.

ಆರನೇ ಗುರುತಿನಲ್ಲಿ ನಾನು ಒಮ್ಮೆ ಹೆಚ್ಚು ತಿರುಗಿಸಿಬಿಟ್ಟೆ. ಹಳಿ ದಾರದ ಆಚೆಗೆ ಹೋಯಿತು. ಜಿಮ್ ಕ್ರೋವನ್ನು ಆಚೆ ಬದಿಗೆ ತಿರುಗಿಸಿ ಹಾಕಿ ವಾಪಸ್ ಒತ್ತಬೇಕಾಯಿತು. ಅಲ್ಲಿ ಈಗಲೂ ಬೆರಳಿಗೆ ತಿಳಿಯುವಷ್ಟು ಸಣ್ಣ ಅಲೆ ಇದೆ. ಕೊನೆಗೆ 3 ಮೀಟರ್ ದಾರದಲ್ಲಿ 2 ಮಿ.ಮೀ.ಗೆ ಬಂತು. ಅಜ್ಜ ನೆಲಕ್ಕೆ ಕುಳಿತು, ಒಂದು ಕಣ್ಣು ಮುಚ್ಚಿ, ಹಳಿಯ ಉದ್ದಕ್ಕೂ ನೋಡಿದರು. "ನಡೀತದ" ಎಂದರು. ನಾಲ್ಕು ತಾಸು ಹಿಡಿದಿತ್ತು. ಕಾಕಾನ ಮನೆಯಿಂದ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಮೊಸರು ಬಂದವು. ಹಳಿಯ ಪಕ್ಕದಲ್ಲೇ ಕುಳಿತು ಉಂಡೆವು.

ಎರಡನೇ ಹಳಿ

ಇದರ ಸಂದು 23 ಮಿ.ಮೀ. ಮಾತ್ರ. ಒಂದೂವರೆ ತಾಸಿನಲ್ಲಿ ಮುಗಿಯಿತು.

ವಾಪಸ್ ಕೂಡಿಸಿದ್ದು

ಎರಡು ಹಳಿಗಳ ನಡುವಿನ ಅಂತರ 610 ಮಿ.ಮೀ. ಅಷ್ಟಕ್ಕೆ ಕಟ್ಟಿಗೆಯ ಒಂದು ಅಳತೆಪಟ್ಟಿ ಮಾಡಿ, ಹಳಿಯ ಕೆಳಗೆ ಅಡ್ಡ ಇರುವ ಪ್ರತಿ ಸ್ಲೀಪರ್ ಮೇಲೆ ಇಟ್ಟು ನೋಡಿ ಬೋಲ್ಟ್ ಬಿಗಿ ಮಾಡಿದೆವು. ಜೋಡಣೆಯಲ್ಲಿ 3 ಮಿ.ಮೀ. ಸಂದು ಬಿಟ್ಟೆ. ಲಾರಿ ಹತ್ತುವ ಮೊದಲು ಹಳಿಗಳು ಒಂದಕ್ಕೊಂದು ಅಂಟಿಕೊಂಡೇ ಇದ್ದವು. ನಮ್ಮ ಬಿಸಿಲಿಗೆ ಅದು ಆಗದು. 6 ಮೀಟರ್ ಹಳಿ 50 ಡಿಗ್ರಿ ಬಿಸಿಯಾದರೆ ಸುಮಾರು ಮೂರೂವರೆ ಮಿ.ಮೀ. ಬೆಳೆಯುತ್ತದೆ. ನಾವು ಕೂಡಿಸಿದ್ದು ಮಧ್ಯಾಹ್ನದ ಬಿಸಿಲಿನಲ್ಲಿ, ಆಗಲೇ ಹಳಿ ಬೆಚ್ಚಗಿತ್ತು. ಹಾಗಾಗಿ ಮೇ ತಿಂಗಳಿಗೆ 3 ಸಾಕು.

ಟ್ರಾಲಿ ಮೇಲೆ ಒಂದು ಟನ್ ಕಲ್ಲು ಹೇರಿ ಹತ್ತು ಸಲ ಓಡಿಸಿದೆವು. ಬೀಳಲಿಲ್ಲ. ಮೂರನೇ ಹಳಿಯ ಮೇಲೆ ಮಾತ್ರ ಕುಪ್ಪಳಿಸುತ್ತದೆ.

ಉಳಿದದ್ದು

ಆ ಮೂರನೇ ಹಳಿ ಪಕ್ಕಕ್ಕೆ ಅಲ್ಲ, ಕೆಳಕ್ಕೆ ಬಾಗಿದೆ. ಇದಕ್ಕೆ ನನ್ನ ಜಿಮ್ ಕ್ರೋ ಸಾಲದು. ನಿಂತ ಹಳಿ ಮಲಗಿದ ಹಳಿಗಿಂತ ನಾಲ್ಕು ಪಟ್ಟಿಗೂ ಜಾಸ್ತಿ ಗಟ್ಟಿ. 500 ಮಿ.ಮೀ. ಅಂತರದಲ್ಲಿ ಶುರುವಾಗಲಿಕ್ಕೇ 12 ಟನ್ ಬೇಕು. ಅಂತರ 700ಕ್ಕೆ ಹೆಚ್ಚಿಸಿದರೆ ಪೂರ್ತಿ ಬಗ್ಗಿಸಲು 11 ಟನ್ ಹತ್ತಿರ ಸಾಕಾಗುತ್ತದೆ. ಆಗ 20 ಟನ್ನಿನ ಬಾಟಲ್ ಜಾಕ್ ನಡೆಯುತ್ತದೆ. ಆದರೆ ಅಂತರ ಹೆಚ್ಚಿಸಿದರೆ ಜಾಕಿಗೆ ಹಗುರವೇ ಹೊರತು ಬಿಲ್ಲಿಗೆ ಬೀಳುವ ಬಾಗಿಸುವ ಪ್ರಭಾವ ಕಡಿಮೆಯಾಗುವುದಿಲ್ಲ. ಅದಕ್ಕೆ 20 ಮಿ.ಮೀ. ಪ್ಲೇಟ್ ಎರಡು, ಅಗಲ 140 ಮಿ.ಮೀ. ಬೇಕು. ಈ ಸಲ ಲೆಕ್ಕ ಮೊದಲು ಹಾಕಿದ್ದೇನೆ.

ಯಾರಾದರೂ ಮಾಡುವುದಾದರೆ ಒಂದು ಮಾತು. ಇದು ನಮ್ಮದೇ ಅಂಗಳದ ಟ್ರಾಲಿ ಹಳಿಗೆ ಮಾತ್ರ. ರೈಲು ಓಡುವ ಹಳಿಯ ಹತ್ತಿರ ಹೋಗಬೇಡಿ. ಅದು ಅವರ ಕೆಲಸ, ಅದಕ್ಕೆ ಅವರದೇ ಸಾಧನ, ಅವರದೇ ಅನುಮತಿ ಇದೆ.

ಪ್ಲೇಟಿಗೆ ಹೇಳಿಬಂದಿದ್ದೇನೆ, ಗುರುವಾರ ಬರುತ್ತದೆ. ಭಾನುವಾರ ಬೆಳಗ್ಗೆ ವಾಡಿಯಿಂದ ಅಜ್ಜನೂ ಬರುತ್ತಾರೆ. ದಾರ ತಾವೇ ತರುತ್ತಾರಂತೆ. ನನ್ನ ದಾರ ಜೋಲುತ್ತದೆ ಎಂದಿದ್ದಾರೆ.