ಹಳೆ ಜಿಪ್ಸಿಗೆ ಮೂರು ಗೇಜ್: ಕೆಲಸ ಇರುವುದು ಬಾನೆಟ್ ಕೆಳಗೆ

ಮಾರುತಿ ಜಿಪ್ಸಿಯಂಥ ಹಳೆ ಗಾಡಿಯಲ್ಲಿ ಆಯಿಲ್ ಪ್ರೆಶರ್ ತೋರಿಸಲು ಇರುವುದು ಒಂದು ಕೆಂಪು ದೀಪ. ಸಾಮಾನ್ಯವಾಗಿ ಒತ್ತಡ 0.2ರಿಂದ 0.5 ಬಾರ್‌ಗೆ ಕುಸಿದ ಮೇಲಷ್ಟೇ ಆ ದೀಪ ಹತ್ತುತ್ತದೆ. ಘಾಟಿಯಲ್ಲಿ 4,000 ಆರ್‌ಪಿಎಂ ಓಡುವಾಗ ಹೆಚ್ಚುಕಡಿಮೆ 3 ಬಾರ್ ಇರಬೇಕಾದ ಕಡೆ 1 ಬಾರ್ ಮಾತ್ರ ಇದ್ದರೂ ದೀಪ ತೆಪ್ಪಗಿರುತ್ತದೆ, ಬೇರಿಂಗ್ ಸವೆಯುತ್ತಿರುತ್ತದೆ. ಕಂಪನಿ ಕೊಡುವ ಟೆಂಪರೇಚರ್ ಮುಳ್ಳಿನದೂ ಬಹಳ ಸಲ ಇದೇ ಕಥೆ. ನಡುವೆ ಹೋಗಿ ಕೂತರೆ ಹತ್ತಿಪ್ಪತ್ತು ಡಿಗ್ರಿ ಏರಿದರೂ ಕದಲುವುದಿಲ್ಲ, ಕದಲಿದಾಗ ರೇಡಿಯೇಟರ್ ಕುದಿಯುತ್ತಿರುತ್ತದೆ.

ಇದಕ್ಕೆ ಉಪಾಯ ಬೇರೆ ಗೇಜ್ ಹಾಕಿಕೊಳ್ಳುವುದು. ಆಯಿಲ್ ಪ್ರೆಶರ್, ಕೂಲಂಟ್ (ರೇಡಿಯೇಟರ್ ನೀರಿನ) ಟೆಂಪರೇಚರ್, ವೋಲ್ಟ್‌ಮೀಟರ್, ಈ ಮೂರಿದ್ದರೆ ಸಾಕು. ಕರೆಂಟ್ ಅಳೆಯುವ ಆಮೀಟರ್ ಬೇಡವೇ ಬೇಡ. ಹಳೇ ಮಾದರಿಯದಾದರೆ ಗಾಡಿಯ ಅಷ್ಟೂ ಕರೆಂಟನ್ನು ದಪ್ಪ ವೈರಿನಲ್ಲಿ ಡ್ಯಾಶ್‌ಬೋರ್ಡ್ ತನಕ ತಂದು ವಾಪಸ್ ಕಳಿಸಬೇಕು. ಅದು ಎಲ್ಲಾದರೂ ಬಾಡಿಗೆ ಉಜ್ಜಿ ಶಾರ್ಟ್ ಆದರೆ ಬೆಂಕಿಯೇ ಗತಿ. ಮೆಕ್ಯಾನಿಕಲ್ ಆಯಿಲ್ ಗೇಜ್‌ಗೂ ನನ್ನ ಮತವಿಲ್ಲ. ಅದರ ಸಣ್ಣ ನೈಲಾನ್ ಕೊಳವೆ ಬಿಸಿ ಆಯಿಲನ್ನು ಮೊಣಕಾಲ ಹತ್ತಿರಕ್ಕೇ ತರುತ್ತದೆ, ಅದು ಒಡೆಯುವ ದಿನ ನಿಮ್ಮ ಪ್ಯಾಂಟು ನೋಡಿಕೊಂಡು ಒಡೆಯುವುದಿಲ್ಲ.

ಗೇಜ್ ಮತ್ತು ಸೆಂಡರ್ (ಎಂಜಿನ್ ಬಳಿ ಕೂತು ಗೇಜಿಗೆ ಸಿಗ್ನಲ್ ಕಳಿಸುವ ಸೆನ್ಸರ್) ಎರಡನ್ನೂ ಒಂದೇ ಸೆಟ್ ಆಗಿ ಕೊಳ್ಳಿ. ಯುರೋಪಿನ ವಿಡಿಒ ಕಂಪನಿ ಮಾದರಿಯ ಪ್ರೆಶರ್ ಸೆಂಡರ್ 10ರಿಂದ 180 ಓಮ್‌ನದು, ಒತ್ತಡ ಏರಿದಂತೆ ಓಮ್ ಏರುತ್ತದೆ. ಅಮೆರಿಕದ ಮಾದರಿ 240ರಿಂದ 33 ಓಮ್, ಅಲ್ಲಿ ಒತ್ತಡ ಏರಿದಂತೆ ಓಮ್ ಇಳಿಯುತ್ತದೆ. ಒಂದರ ಸೆಂಡರ್‌ಗೆ ಇನ್ನೊಂದರ ಗೇಜ್ ಕಟ್ಟಿದರೆ ಮುಳ್ಳು ಉಲ್ಟಾ ಓಡುತ್ತದೆ. ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗೆ ಹೋಗುವಾಗ ಮಲ್ಟಿಮೀಟರ್ ಜೇಬಿನಲ್ಲಿರಲಿ. ಇನ್ನೂ ಒತ್ತಡ ಬೀಳದ ಸೆಂಡರ್‌ನ ಪಿನ್ ಮತ್ತು ಮೈ ನಡುವೆ 10 ಓಮ್ ಬಂತೋ 240 ಬಂತೋ ಅಲ್ಲೇ ಗೊತ್ತಾಗುತ್ತದೆ.

ಇನ್ನು ಥ್ರೆಡ್. ಹೆಚ್ಚು ಜನ ಎಡವುವುದು ಇಲ್ಲೇ. ಜಪಾನಿ ಎಂಜಿನ್‌ಗಳಲ್ಲಿ ಕೆಂಪು ದೀಪ ಹತ್ತಿಸುವ ಆಯಿಲ್ ಸ್ವಿಚ್‌ನ ಥ್ರೆಡ್ ಸಾಮಾನ್ಯವಾಗಿ 1/8 ಬಿಎಸ್‌ಪಿಟಿ (ಬ್ರಿಟಿಷ್ ಪೈಪ್ ಥ್ರೆಡ್): ಇಂಚಿಗೆ 28 ಸುತ್ತು, 55 ಡಿಗ್ರಿ ಕೋನ. ಮಾರುಕಟ್ಟೆಯ ಸೆಂಡರ್‌ಗಳು ಬಹಳಷ್ಟು 1/8 ಎನ್‌ಪಿಟಿ (ಅಮೆರಿಕದ ಪೈಪ್ ಥ್ರೆಡ್): ಇಂಚಿಗೆ 27 ಸುತ್ತು, 60 ಡಿಗ್ರಿ. ಕಣ್ಣಿಗೆ ಎರಡೂ ಒಂದೇ. ಮೊದಲ ಎರಡು ಮೂರು ಸುತ್ತು ಸಲೀಸಾಗಿ ಹೋಗುತ್ತದೆ, ಆಮೇಲೆ ಬಿಗಿಯಾಗುತ್ತದೆ. 'ಇನ್ನೊಂಚೂರು' ಎಂದು ಸ್ಪ್ಯಾನರ್‌ಗೆ ತೂಕ ಹಾಕಿದರೆ ಬ್ಲಾಕಿನ ಥ್ರೆಡ್ ಕೆಡುತ್ತದೆ, ಇಲ್ಲವೇ ಎಂಜಿನ್ ಬಿಸಿಯಾದ ಮೇಲೆ ಜಿನುಗಲು ಶುರು. ಹಳೆ ಸ್ವಿಚ್ಚನ್ನು ಬಿಚ್ಚಿಕೊಂಡು ಹೈಡ್ರಾಲಿಕ್ ಹೋಸ್ ಅಂಗಡಿಗೆ ಒಯ್ದು, ಬ್ಲಾಕಿನ ಕಡೆಗೆ ಬಿಎಸ್‌ಪಿಟಿ, ಸೆಂಡರ್ ಕಡೆಗೆ ಎನ್‌ಪಿಟಿ ಇರುವ ಅಡಾಪ್ಟರ್ ಕೇಳಿ.

ಟೀ (T ಆಕಾರದ ಜೋಡಣೆ) ಹಾಕಿ ಮೂಲ ಸ್ವಿಚ್ಚನ್ನೂ ಉಳಿಸಿಕೊಳ್ಳಿ, ಕೆಂಪು ದೀಪ ಇರಲೇಬೇಕು. ಆದರೆ ಬ್ಲಾಕಿಗೇ ಹಿತ್ತಾಳೆ ಟೀ ಸಿಕ್ಕಿಸಿ ಅದರ ತುದಿಗೆ ಡಬ್ಬಿಯಷ್ಟು ದಪ್ಪದ ಸೆಂಡರ್ ನೇತುಹಾಕಬಾರದು. ಎಂಜಿನ್ನಿನ ನಡುಕಕ್ಕೆ ಹಿತ್ತಾಳೆ ಕತ್ತಿನಲ್ಲಿ ಸಟ್ಟನೆ ಮುರಿದರೆ ಎಂಜಿನ್ ಆಯಿಲ್ ಇರುವ ಸಂಪ್ ಖಾಲಿಯಾಗಲು ಬಹಳ ಹೊತ್ತು ಬೇಡ. ಒಂದಡಿ ಉದ್ದದ ಹೆಣೆದ ಸ್ಟೀಲ್ ಹೋಸ್ ಎಳೆದು ಟೀಯನ್ನು ಫೈರ್‌ವಾಲ್‌ಗೆ (ಎಂಜಿನ್‌ಗೂ ಕ್ಯಾಬಿನ್‌ಗೂ ನಡುವಿನ ತಗಡಿನ ಗೋಡೆಗೆ) ಕ್ಲಾಂಪ್ ಮಾಡುವುದೇ ಸರಿ. ಆಗ ಸೆಂಡರ್ ಮೈಗೂ ಎಂಜಿನ್‌ಗೂ ನೇರ ಅರ್ಥ್ ನೆಚ್ಚಿಕೊಳ್ಳುವಂತಿಲ್ಲ. ಟೀಗೆ ಒಂದು ಕ್ಲಿಪ್ ಹಾಕಿ ಬೇರೆ ಅರ್ಥ್ ವೈರನ್ನು ಎಂಜಿನ್ ಬ್ಲಾಕಿಗೆ ಎಳೆಯಿರಿ. ಟೆಫ್ಲಾನ್ ಟೇಪನ್ನು ಧಾರಾಳವಾಗಿ ಸುತ್ತಿದರೂ ಇದೇ ತೊಂದರೆ. ಲಿಕ್ವಿಡ್ ಥ್ರೆಡ್ ಸೀಲಂಟ್ ತೆಳ್ಳಗೆ, ಮೊದಲ ಎಳೆ ಬಿಟ್ಟು ಹಚ್ಚಿದರೆ ಒಳ್ಳೆಯದು.

ಕೂಲಂಟ್ ಸೆಂಡರ್‌ಗೆ ಸುಲಭದ ದಾರಿ ಮೇಲಿನ ರೇಡಿಯೇಟರ್ ಹೋಸಿಗೆ ಅಲ್ಯೂಮಿನಿಯಂ ಸ್ಲೀವ್, ಅಂದರೆ ಹೋಸ್ ಕತ್ತರಿಸಿ ನಡುವೆ ಕೂರಿಸುವ, ಸೆಂಡರ್‌ಗೆ ತೂತಿರುವ ಕೊಳವೆ. ಹೋಸಿನ ಒಳ ಅಳತೆಯನ್ನು ಕ್ಯಾಲಿಪರ್‌ನಲ್ಲಿ ನೋಡಿ ಕೊಳ್ಳಿ, ಅಂದಾಜು ಬೇಡ. ಎರಡೂ ಕಡೆ ರಬ್ಬರ್ ಇರುವುದರಿಂದ ಸ್ಲೀವ್‌ಗೆ ಅರ್ಥ್ ವೈರ್ ಕಡ್ಡಾಯ. ಈ ಜಾಗಕ್ಕೆ ಒಂದು ಮಿತಿ ಇದೆ: ಥರ್ಮೋಸ್ಟಾಟ್ (ಕೂಲಂಟ್ ಬಿಸಿಯಾದಾಗ ತೆರೆಯುವ ಕವಾಟ) ನೀರು ಎಂಜಿನ್ನಿನಿಂದ ಹೊರಬರುವ ಕಡೆ ಇದ್ದರೆ ಅದು ತೆರೆಯುವ ತನಕ ಗೇಜ್ ತಣ್ಣಗೇ ತೋರಿಸುತ್ತದೆ, ಥರ್ಮೋಸ್ಟಾಟ್ ಮುಚ್ಚಿಕೊಂಡೇ ಕೆಟ್ಟರೆ ಎಂಜಿನ್ ಬೇಯುವಾಗಲೂ ತಣ್ಣಗೆ. ಥರ್ಮೋಸ್ಟಾಟ್ ಹೌಸಿಂಗಿನ ಎಂಜಿನ್ ಬದಿಯಲ್ಲಿ ಖಾಲಿ ಪ್ಲಗ್ ಸಿಕ್ಕರೆ ಅಲ್ಲಿಗೇ ಹಾಕಿ. ಎಂಪಿಎಫ್‌ಐ (ಫ್ಯುಯೆಲ್ ಇಂಜೆಕ್ಷನ್) ಗಾಡಿಯಲ್ಲಿ ಎರಡು ವೈರಿನ ಸೆನ್ಸರ್ ಇಸಿಯುದು, ಅಂದರೆ ಎಂಜಿನ್ ಕಂಪ್ಯೂಟರಿನದು, ಅದರ ತಂಟೆಗೆ ಹೋಗಬೇಡಿ. ಇನ್ನೊಂದು ಮಾತು. ನೀರೆಲ್ಲ ಸೋರಿಹೋದರೆ ಸೆಂಡರ್ ಆವಿಯಲ್ಲಿ ನಿಂತು ಕಡಿಮೆ ತೋರಿಸುತ್ತದೆ. ಓಡುವಾಗ ಮುಳ್ಳು ದಿಢೀರ್ ಕೆಳಗಿಳಿದರೆ ಖುಷಿಪಡದೆ ಗಾಡಿ ನಿಲ್ಲಿಸಿ.

ಕೂರಿಸುವ ಮೊದಲು ಕೂಲಂಟ್ ಸೆಂಡರನ್ನು ಕುದಿಯುವ ನೀರಿನಲ್ಲಿ ಪರೀಕ್ಷಿಸಿ. ತುದಿ ಮಾತ್ರ ಮುಳುಗಲಿ, ಮೈಗೆ ಅರ್ಥ್ ಕೊಡಿ. ಸಮುದ್ರದಿಂದ ಸುಮಾರು 920 ಮೀಟರ್ ಎತ್ತರದ ಬೆಂಗಳೂರಿನಲ್ಲಿ ನೀರು ಕುದಿಯುವುದು ಹತ್ತಿರಹತ್ತಿರ 97 ಡಿಗ್ರಿಗೆ. ಅಲ್ಲಿ ಗೇಜ್ 97 ತೋರಿಸಿದರೆ ಅದು ಸರಿಯಾಗಿಯೇ ಇದೆ, ಮಂಗಳೂರಿನಲ್ಲಿ 97 ತೋರಿಸಿದರೆ 3 ಡಿಗ್ರಿ ಹಿಂದಿದೆ.

ಡ್ಯಾಶ್ ಕೆಲಸ ಇದರ ಮುಂದೆ ಸಲೀಸು. 52 ಮಿ.ಮೀ. ಗೇಜ್ ಮೂರಕ್ಕೆ ಒಂದು ಡಿನ್ ಸ್ಟೀರಿಯೋ ಜಾಗ, ಅಂದರೆ ಸುಮಾರು 182 × 53 ಮಿ.ಮೀ., ಸಾಕಾಗುತ್ತದೆ. ಹಿಂದೆ ಕನೆಕ್ಟರ್ ಸೇರಿ 70 ಮಿ.ಮೀ. ಆಳ ಸಿಗುತ್ತದೆಯೇ ನೋಡಿ. ಪ್ಲಾಸ್ಟಿಕ್ ಕೊರೆಯುವುದಾದರೆ 51ರ ಹೋಲ್‌ಸಾ ಹಾಕಿ, ಉಳಿದದ್ದನ್ನು ಮರಳು ಕಾಗದದಲ್ಲಿ ತೀಡಿ. ಡ್ರಿಲ್ಲನ್ನು ನಿಧಾನಕ್ಕೆ, ರಿವರ್ಸ್‌ನಲ್ಲಿ ಓಡಿಸಿದರೆ ಹಲ್ಲು ಕಚ್ಚಿಕೊಳ್ಳುವುದಿಲ್ಲ, ಅಂಚು ಕರಗುವುದಿಲ್ಲ. ಕರ್ಟನ್ ಏರ್‌ಬ್ಯಾಗ್ ಇರುವ ಗಾಡಿಯ ಎ-ಪಿಲ್ಲರ್ (ಮುಂಗಾಜಿನ ಪಕ್ಕದ ಕಂಬ) ಮೇಲೆ ಗೇಜ್ ಪಾಡ್ ಹಾಕಲೇಬಾರದು. ಏರ್‌ಬ್ಯಾಗ್ ಸಿಡಿದರೆ ಗೇಜ್ ನೇರ ಮುಖಕ್ಕೆ.

ಬ್ಯಾಟರಿಯ ನೆಗೆಟಿವ್ ಬಿಚ್ಚಿಯೇ ವೈರಿಂಗ್ ಶುರುಮಾಡಿ. ಇಗ್ನಿಷನ್ ಆನ್ ಆದಾಗ ಬರುವ 12 ವೋಲ್ಟ್‌ನಿಂದ 3 ಆಂಪ್ ಫ್ಯೂಸ್ ಮೂಲಕ ಮೂರಕ್ಕೂ ಸಪ್ಲೈ. 0.75 ಚದರ ಮಿ.ಮೀ. ವೈರ್ ಧಾರಾಳವಾಯಿತು, ಸಿಗ್ನಲ್‌ಗೆ 0.5. ಫೈರ್‌ವಾಲ್ ದಾಟುವಲ್ಲಿ ರಬ್ಬರ್ ಗ್ರಾಮೆಟ್ (ತೂತಿನ ಅಂಚಿಗೆ ಕೂರಿಸುವ ಬಳೆ) ಇಲ್ಲದೆ ವೈರ್ ತೂರಿಸಬೇಡಿ. ಸಿಗ್ನಲ್ ವೈರನ್ನು ಪ್ಲಗ್ ವೈರುಗಳ ಪಕ್ಕ ಓಡಿಸಬೇಡಿ. ವೈರ್ ಸುಲಿಯದೇ ಕಚ್ಚಿಸುವ ನೀಲಿ ಕ್ಲಿಪ್‌ಗಳು ನಮ್ಮ ಮಳೆಗಾಲಕ್ಕೆ ಹಸಿರು ಹಿಡಿಯುತ್ತವೆ. ಕ್ರಿಂಪ್ ಮಾಡಿ ಹೀಟ್‌ಶ್ರಿಂಕ್ ಹಾಕಿ. ಗೇಜ್ ಬೆಳಕಿನ ವೈರನ್ನು ಡಿಮ್ಮರ್ ಲೈನಿಗೆ ಕೊಡುವ ಮುನ್ನ ಅಳೆದು ನೋಡಿ: ಕೆಲವು ಜಪಾನಿ ಗಾಡಿಗಳಲ್ಲಿ ಡಿಮ್ಮರ್ ಇರುವುದು ಅರ್ಥ್ ಬದಿಯಲ್ಲಿ, ಆಗ ಎಲ್‌ಇಡಿ ಮಿಣುಕುತ್ತದೆ ಅಥವಾ ಹತ್ತುವುದೇ ಇಲ್ಲ. ಪಾರ್ಕಿಂಗ್ ದೀಪದ ಫ್ಯೂಸಿನಿಂದ ನೇರ ತೆಗೆದುಕೊಂಡರೆ ತಲೆನೋವಿಲ್ಲ.

ಎಲ್ಲ ಕಟ್ಟಿದ ಮೇಲೆ ಇಗ್ನಿಷನ್ ಆನ್ ಮಾಡಿ, ಸಿಗ್ನಲ್ ವೈರನ್ನು ಸೆಂಡರ್‌ನಿಂದ ಬಿಚ್ಚಿ ಒಂದೆರಡು ಸೆಕೆಂಡ್ ಬ್ಲಾಕಿಗೆ ಮುಟ್ಟಿಸಿ. ಟೆಂಪರೇಚರ್ ಮುಳ್ಳು ಪೂರ್ತಿ ಬಿಸಿಗೆ ಹೋಗಬೇಕು, ವಿಡಿಒ ಮಾದರಿಯ ಪ್ರೆಶರ್ ಮುಳ್ಳು ಸೊನ್ನೆಗೆ. ಹೋದರೆ ಗೇಜ್, ವೈರ್ ಎರಡೂ ಸರಿ, ಇನ್ನೂ ತಕರಾರು ಇದ್ದರೆ ಅದು ಸೆಂಡರ್ ಅಥವಾ ಅದರ ಅರ್ಥ್‌ನಲ್ಲಿದೆ. ವಿಡಿಒ ಪ್ರೆಶರ್ ಮುಳ್ಳು ಎಂಜಿನ್ ಆಫ್ ಇದ್ದಾಗಲೂ ಕೊನೆಗೆ ಅಂಟಿಕೊಂಡಿದ್ದರೆ ವೈರ್ ಎಲ್ಲೋ ತುಂಡಾಗಿದೆ. ಹೆಡ್‌ಲೈಟ್ ಹಾಕಿದ ಕೂಡಲೇ ಮುಳ್ಳುಗಳು ಜಿಗಿದರೆ ಅರ್ಥ್ ಸಾಲದು, ಮೂರೂ ಗೇಜಿನ ಅರ್ಥನ್ನು ಒಂದೇ ಬೋಲ್ಟಿಗೆ ತಂದು ಪೇಂಟ್ ಕೆರೆದು ಬಿಗಿ ಮಾಡಿ.

ವೋಲ್ಟ್‌ಮೀಟರ್ ಎಂಜಿನ್ ಆಫ್ ಇದ್ದಾಗ 12.6ರ ಆಸುಪಾಸು, ಓಡುವಾಗ 13.8ರಿಂದ 14.4 ತೋರಿಸಬೇಕು. ಹೊಸ ಕಾರುಗಳಲ್ಲಿ ಆಲ್ಟರ್ನೇಟರನ್ನು ಇಸಿಯು ಆಡಿಸುವುದರಿಂದ 12.5ಕ್ಕೆ ಇಳಿದು ಮತ್ತೆ ಏರಿದರೂ ಗಾಬರಿ ಬೇಡ. ಅಂಥ ಕಾರಿಗೆ ಟೆಂಪರೇಚರ್, ವೋಲ್ಟೇಜ್ ಎರಡೂ ಒಬಿಡಿ (ಗಾಡಿಯ ದೋಷ ಓದುವ) ಪೋರ್ಟಿಗೆ ಸಿಕ್ಕಿಸುವ ಡಿಸ್‌ಪ್ಲೇಯಲ್ಲೇ ಸಿಗುತ್ತವೆ. ಆಯಿಲ್ ಪ್ರೆಶರ್ ಮಾತ್ರ ಬಹುಪಾಲು ಗಾಡಿಗಳಲ್ಲಿ ಅಲ್ಲಿ ಸಿಗುವುದಿಲ್ಲ, ಎಂಜಿನ್ ಮೇಲೆ ಇರುವುದೇ ಬರೀ ಆನ್-ಆಫ್ ಸ್ವಿಚ್. ಅದಕ್ಕೆ ಮತ್ತೆ ಟೀ, ಹೋಸ್, ಅಡಾಪ್ಟರ್ ಹಿಡಿದೇ ಇಳಿಯಬೇಕು.